ಚಪ್ಪಡಿ ಕಾಲಿನ ಅಕ್ಷರ

ರೋಮನ್ ಲಿಪಿಯ ದೊಡ್ಡ ‘ಐ’ ಬರೆಯಲು ಒಂದು ನೆಟ್ಟಗೆರೆ ಸಾಕು. ಆ ಗೆರೆಯ ಮೇಲೆ ಮತ್ತು ಕೆಳಗೆ ಅಡ್ಡಲಾಗಿ ಚಾಚಿಕೊಂಡ ಪುಟ್ಟ ಪಾದಗಳನ್ನು ಇಟ್ಟರೆ ಇಂಗ್ಲಿಷ್ ಪುಸ್ತಕಗಳಲ್ಲಿ ದಿನವೂ ಕಣ್ಣಿಗೆ ಬೀಳುವ ‘ಐ’ ಆಗುತ್ತದೆ. ಈ ಪಾದಕ್ಕೆ ಮುದ್ರಣದವರು ಸೆರಿಫ್ ಎನ್ನುತ್ತಾರೆ. ಪುಸ್ತಕದ ಅಕ್ಷರದಲ್ಲಿ ಅದು ತೆಳ್ಳಗೆ, ಗೆರೆಯಿಂದ ಮೆಲ್ಲಗೆ ಬಾಗಿ ಹೊರಟು ತುದಿಯಲ್ಲಿ ಸಣ್ಣದಾಗಿ ಮುಗಿಯುತ್ತದೆ. ಅದೇ ಪಾದವನ್ನು ನಡುಗೆರೆಯಷ್ಟೇ ದಪ್ಪ ಮಾಡಿ, ತುದಿಯನ್ನು ಚೌಕವಾಗಿ ಕತ್ತರಿಸಿಬಿಟ್ಟರೆ ಅಕ್ಷರದ ಸ್ವಭಾವವೇ ಬದಲಾಗುತ್ತದೆ. ಹಳೆಯ ದೇವಸ್ಥಾನದ ನವರಂಗದಲ್ಲಿ ನಿಂತ ಕಂಬವನ್ನು ನೆನಪಿಸಿಕೊಳ್ಳಿ. ಕೆಳಗೆ ಪೀಠ, ಮೇಲೆ ಬೋದಿಗೆ, ನಡುವೆ ಕಂಬ. ಮೂರೂ ಭಾರ ಹೊರಲೆಂದೇ ಇರುವಂಥವು. ಈ ‘ಐ’ ನಿಲ್ಲುವುದೂ ಹಾಗೆಯೇ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಲ್ಯಾಬ್ ಸೆರಿಫ್ ಎಂದು ಹೆಸರು. ಸ್ಲ್ಯಾಬ್ ಎಂದರೆ ಚಪ್ಪಡಿ ತಾನೆ? ಹಾಗಾಗಿ ಈ ಬರಹದಲ್ಲಿ ಇದನ್ನು ಚಪ್ಪಡಿ ಅಕ್ಷರ ಎಂದೇ ಕರೆಯುತ್ತೇನೆ.

ಅಕ್ಷರವಿನ್ಯಾಸದ ಮಾತು ಬಂದಾಗಲೆಲ್ಲ ಚಪ್ಪಡಿ ಅಕ್ಷರಕ್ಕೆ, ಅದರಲ್ಲೂ ಅದರ ದಪ್ಪ ರೂಪಕ್ಕೆ, ಒರಟು ಎಂಬ ವಿಶೇಷಣ ಅಂಟಿಕೊಳ್ಳುತ್ತದೆ. ಅದು ಕೂಗುವ ಅಕ್ಷರ, ಸಂತೆಯ ಅಕ್ಷರ, ಸರ್ಕಸ್ಸಿನ ಭಿತ್ತಿಪತ್ರಕ್ಕೆ ಸರಿ, ಗಂಭೀರ ಕೆಲಸಕ್ಕಲ್ಲ ಎಂಬ ಮಾತು ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ. ಈ ತೀರ್ಮಾನ ಅರ್ಧ ಸತ್ಯ ಎಂಬುದು ನನ್ನ ವಾದ. ಈ ಅಕ್ಷರ ಹುಟ್ಟಿದ್ದು ಕೂಗುವುದಕ್ಕೇ, ಅದರಲ್ಲಿ ಅನುಮಾನವಿಲ್ಲ. ಆದರೆ ಇನ್ನೂರು ವರ್ಷ ಅದನ್ನು ಉಳಿಸಿದ್ದು ಕೂಗಲ್ಲ, ತಾಳಿಕೆ. ಕೆಟ್ಟ ಕಾಗದ, ತೆಳು ಶಾಯಿ, ಸವೆದ ಅಚ್ಚುಮೊಳೆ, ದೂರ, ಆತುರ ಇವೆಲ್ಲವನ್ನೂ ತಡೆದುಕೊಂಡು ಓದುಗನ ಕಣ್ಣಿನವರೆಗೆ ತನ್ನ ರೂಪವನ್ನು ಕೆಡದೆ ತಲುಪಿಸುವ ಗುಣ ಅದು. ಈ ಗುಣವನ್ನು ಅರಿತವರು ಅದನ್ನು ಸರಿಯಾದ ಕಡೆ ಬಳಸಿದ್ದಾರೆ. ಬರೀ ದಪ್ಪವನ್ನು ಕಂಡವರು ಎಲ್ಲೆಂದರಲ್ಲಿ ಮೆತ್ತಿದ್ದಾರೆ.

ಹುಟ್ಟಿನ ಕಥೆ ಲಂಡನ್ನಿನದು. ಹತ್ತೊಂಬತ್ತನೆಯ ಶತಮಾನ ಶುರುವಾಗುವವರೆಗೆ ಅಚ್ಚುಮೊಳೆ ಎಂದರೆ ಹೆಚ್ಚಾಗಿ ಪುಸ್ತಕದ ಮೊಳೆ. ಕೈಯಲ್ಲಿ ಹಿಡಿದು, ಕೂತು ಓದುವವನಿಗಾಗಿ ಅದನ್ನು ಕೆತ್ತುತ್ತಿದ್ದರು. ಆ ಹೊತ್ತಿನ ಮೆಚ್ಚಿನ ಶೈಲಿ ಇಟಲಿಯ ಬೊಡೋನಿ ಮತ್ತು ಫ್ರಾನ್ಸಿನ ದಿದೋ ಮನೆತನದವರದು: ನಡುಗೆರೆ ದಪ್ಪ, ಅಡ್ಡಗೆರೆ ಮತ್ತು ಪಾದಗಳು ಕೂದಲೆಳೆಯಷ್ಟು ಸಣ್ಣ. ನಯವಾದ ಕಾಗದದ ಮೇಲೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಆದರೆ ಕೈಗಾರಿಕೆಯ ಲಂಡನ್ನಿಗೆ ಬೇರೆಯದೇ ಅಗತ್ಯವಿತ್ತು. ನಾಟಕ, ಹರಾಜು, ಕೋಚ್ ಗಾಡಿಯ ವೇಳೆ, ಎಲ್ಲಕ್ಕಿಂತ ಹೆಚ್ಚಾಗಿ ಸರಕಾರಿ ಲಾಟರಿ, ಎಲ್ಲದಕ್ಕೂ ಗೋಡೆಯ ಮೇಲೆ ಅಂಟಿಸುವ ಭಿತ್ತಿಪತ್ರ ಬೇಕಾಗಿತ್ತು. ಪುಸ್ತಕದ ಅಕ್ಷರವನ್ನೇ ಹಿಗ್ಗಿಸಿ ಗೋಡೆಗೆ ಅಂಟಿಸಿದರೆ ನಾಲ್ಕು ಹೆಜ್ಜೆ ದೂರದಿಂದ ಕೂದಲೆಳೆ ಗೆರೆಗಳು ಮಾಯವಾಗಿ ಬರಿಯ ಕಂಬಗಳು ಉಳಿಯುತ್ತಿದ್ದವು. ವಿನ್ಸೆಂಟ್ ಫಿಗಿನ್ಸ್ ಎಂಬ ಮೊಳೆ ಎರಕದವನು 1815ರ ದಿನಾಂಕ ಹೊತ್ತ ತನ್ನ ನಮೂನೆ ಪುಸ್ತಕದಲ್ಲಿ ಇದಕ್ಕೆ ಉತ್ತರ ಕೊಟ್ಟ. ದೊಡ್ಡಕ್ಷರಗಳು ಮಾತ್ರವಿದ್ದ ಆ ಮೊಳೆಯಲ್ಲಿ ತೆಳುಗೆರೆ ಎಂಬುದೇ ಇರಲಿಲ್ಲ. ಕಂಬ, ತೊಲೆ, ಪಾದ ಎಲ್ಲವೂ ಹೆಚ್ಚುಕಡಿಮೆ ಒಂದೇ ದಪ್ಪ. ಅದಕ್ಕೆ ಅವನಿಟ್ಟ ಹೆಸರು ಆ್ಯಂಟಿಕ್.

ಆದರೆ ಜನರ ಬಾಯಲ್ಲಿ ಉಳಿದ ಹೆಸರು ಈಜಿಪ್ಷಿಯನ್. ನೆಪೋಲಿಯನ್ನನ ದಂಡಯಾತ್ರೆಯ ನಂತರ ಯುರೋಪಿಗೆ ಈಜಿಪ್ಟಿನ ಹುಚ್ಚು ಹಿಡಿದಿತ್ತು, ಭಾರಿ ಕಲ್ಲಿನಂತೆ ಕಾಣುವ ಯಾವುದಕ್ಕೂ ಆ ಹೆಸರು ಒಗ್ಗುತ್ತಿತ್ತು. ವಿಚಿತ್ರವೆಂದರೆ 1816ರ ಹೊತ್ತಿಗೆ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಈಜಿಪ್ಷಿಯನ್ ಎಂದು ಕರೆದಿದ್ದು ಪಾದವೇ ಇಲ್ಲದ ಬೋಳು ಅಕ್ಷರವನ್ನು. ಹೆಸರು ಚಪ್ಪಡಿ ಅಕ್ಷರಕ್ಕೆ ದಾಟಿಕೊಂಡದ್ದು ಆಮೇಲೆ. ಹೆಸರಿನ ಈ ಗೊಂದಲವನ್ನು ಇಲ್ಲಿಗೆ ಬಿಡೋಣ. ಮುಖ್ಯವಾದದ್ದು ಮರದ ವಿಷಯ. ಭಿತ್ತಿಪತ್ರದ ಅಕ್ಷರ ಅಂಗೈಯಗಲ ಬೆಳೆದಾಗ ಸೀಸದ ಮೊಳೆ ಕೈಕೊಟ್ಟಿತು. ಅದು ಭಾರ, ದುಬಾರಿ, ತಣಿಯುವಾಗ ಮೇಲ್ಮೈ ತಗ್ಗುದಿಣ್ಣೆ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಮರದ ಮೊಳೆಗಳನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಕೊಂಡ. ಮರದಲ್ಲಿ ಕೂದಲೆಳೆಯ ಗೆರೆ ನಿಲ್ಲುವುದಿಲ್ಲ, ಎರಡು ಸಾರಿ ಒತ್ತಿದರೆ ಚಕ್ಕೆ ಎದ್ದುಹೋಗುತ್ತದೆ. ದಪ್ಪ ಪಾದ ನಿಲ್ಲುತ್ತದೆ. ಅಮೆರಿಕದ ಹಳೆಯ ಭಿತ್ತಿಪತ್ರಗಳಲ್ಲಿ, ಕೌಬಾಯ್ ಚಿತ್ರಗಳ ಶೀರ್ಷಿಕೆಯಲ್ಲಿ, ಕಂಬಕ್ಕಿಂತ ಪಾದವೇ ದಪ್ಪವಾಗಿರುವ ಆ ಅಕ್ಷರವನ್ನು ನಾವೆಲ್ಲ ನೋಡಿದ್ದೇವೆ. ನಮಗೆ ಅದು ಕಾಡುಪಶ್ಚಿಮದ ಅಲಂಕಾರದಂತೆ ಕಾಣುತ್ತದೆ. ಆದರೆ ಅದರ ದಪ್ಪದ ಹಿಂದೆ ಮರಗೆಲಸದವನ ಲೆಕ್ಕವೂ ಇತ್ತು ಎಂಬುದನ್ನು ಮರೆಯಬಾರದು.

ಇಲ್ಲಿಯವರೆಗಿನ ಕಥೆ ಟೀಕಾಕಾರರ ಪರವಾಗಿಯೇ ಇದೆ: ಜಾಹೀರಾತಿನ ಕೂಸು, ಅಬ್ಬರದ ಅಕ್ಷರ. ದಿಕ್ಕು ಬದಲಾಗುವುದು 1845ರಲ್ಲಿ. ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯ ರಾಬರ್ಟ್ ಬೆಸ್ಲಿ ಆ ವರ್ಷ ಕ್ಲ್ಯಾರಂಡನ್ ಎಂಬ ಹೊಸ ಮೊಳೆಯನ್ನು ಮಾರುಕಟ್ಟೆಗೆ ಬಿಟ್ಟ. ಅದನ್ನು ಉಕ್ಕಿನಲ್ಲಿ ಕೆತ್ತಿದವನು ಬೆಂಜಮಿನ್ ಫಾಕ್ಸ್. ಫಿಗಿನ್ಸನ ಅಕ್ಷರದ ಒರಟುತನವನ್ನು ಇದರಲ್ಲಿ ತಿದ್ದಿದ್ದರು. ಪಾದ ದಪ್ಪವೇ, ಆದರೆ ಕಂಬವನ್ನು ಸೇರುವಲ್ಲಿ ಸಣ್ಣದೊಂದು ಬಾಗು. ಕಂಬಕ್ಕೂ ತೊಲೆಗೂ ಮಿತವಾದ ವ್ಯತ್ಯಾಸ. ಇಡೀ ಅಕ್ಷರ ಅಗಲದಲ್ಲಿ ತುಸು ಕಿರಿದು. ಬೆಸ್ಲಿ ಇದನ್ನು ಆಗಷ್ಟೇ ಬಂದಿದ್ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದ. ಅಚ್ಚುಮೊಳೆಯೊಂದಕ್ಕೆ ಹೀಗೆ ಕಾನೂನಿನ ರಕ್ಷಣೆ ಪಡೆದ ಮೊದಲ ನಿದರ್ಶನಗಳಲ್ಲಿ ಇದೂ ಒಂದು. ರಕ್ಷಣೆ ಮೂರು ವರ್ಷಕ್ಕೆ ಮುಗಿಯಿತು, ಮುಗಿದೊಡನೆ ಉಳಿದ ಎರಕದ ಮನೆಗಳೆಲ್ಲ ಅದನ್ನು ನಕಲು ಮಾಡಿದವು. ಬೆಸ್ಲಿ ಮುಂದೆ 1869ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದ. ಆದರೆ ಮೇಯರ್ ಗಿರಿಗಿಂತ ಈ ಮೊಳೆಯೇ ಅವನ ದೊಡ್ಡ ಸಾಧನೆ ಎಂದು ನಾನು ತಿಳಿಯುತ್ತೇನೆ.

ಅದರ ದೊಡ್ಡತನ ಇರುವುದು ಬಳಕೆಯಲ್ಲಿ. ಸಾಲಿನ ನಡುವೆ ಒಂದು ಪದವನ್ನು ಎತ್ತಿ ತೋರಿಸಬೇಕಾದರೆ ಅಲ್ಲಿಯವರೆಗೆ ಇಂಗ್ಲಿಷ್ ಮುದ್ರಕನ ಕೈಯಲ್ಲಿದ್ದದ್ದು ಓರೆಯಕ್ಷರ, ಚಿಕ್ಕ ಗಾತ್ರದ ದೊಡ್ಡಕ್ಷರ, ಇಲ್ಲವೇ ಹಳೆಯ ಕಪ್ಪಕ್ಷರ. ಮಾಮೂಲಿ ಅಕ್ಷರದ ಪಕ್ಕದಲ್ಲೇ, ಅದೇ ಗಾತ್ರದಲ್ಲಿ, ಅದೇ ಸಾಲಿನಲ್ಲಿ ಕೂರುವ ದಪ್ಪಕ್ಷರ ಎಂಬ ಕಲ್ಪನೆಯನ್ನು ಗಟ್ಟಿಮಾಡಿದ್ದು ಕ್ಲ್ಯಾರಂಡನ್. ಇಂದು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಪದವನ್ನು ದಪ್ಪ ಮಾಡುತ್ತೇವಲ್ಲ, ಆ ಅಭ್ಯಾಸದ ಬೇರು ಇಲ್ಲಿದೆ. ಇದರ ಅತ್ಯುತ್ತಮ ಬಳಕೆ ಕಾಣಬೇಕಾದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಆವೃತ್ತಿಯ ಯಾವ ಪುಟವನ್ನಾದರೂ ತೆರೆಯಬಹುದು. 1884ರಿಂದ ಕಂತುಕಂತಾಗಿ ಹೊರಬಂದ ಆ ನಿಘಂಟಿನ ಪುಟದಲ್ಲಿ ಮೂರು ಕಂಬಸಾಲು, ಇರುವೆಗಳಂತೆ ಸಣ್ಣಕ್ಷರ, ಶತಮಾನಗಳ ಉದಾಹರಣೆಗಳು. ಅಷ್ಟರ ನಡುವೆ ಶೀರ್ಷಪದಗಳಷ್ಟೇ ಕ್ಲ್ಯಾರಂಡನ್ನಿನಲ್ಲಿ. ಸಂಪಾದಕ ಜೇಮ್ಸ್ ಮರ್ರೆ ಮುಖ್ಯ ಪದಗಳಿಗೆ ದೊಡ್ಡ ಕ್ಲ್ಯಾರಂಡನ್, ಅಧೀನ ಪದಗಳಿಗೆ ಚಿಕ್ಕ ಕ್ಲ್ಯಾರಂಡನ್ ಎಂದು ಗೊತ್ತುಮಾಡಿದ್ದರು. ಬೆರಳಿಟ್ಟು ಹುಡುಕುವವನ ಕಣ್ಣು ಪುಟದ ಮೇಲೆ ಜಾರುತ್ತಾ ಬಂದು ಬೇಕಾದ ಪದಕ್ಕೆ ತಾನಾಗಿಯೇ ಎಡವುತ್ತದೆ. ಇಲ್ಲಿ ಕೂಗು ಎಲ್ಲಿದೆ? ಅದೇ ದಪ್ಪ, ಅದೇ ಚಪ್ಪಡಿ ಪಾದ ಇಲ್ಲಿ ಹೊಲದ ಗಡಿಗಲ್ಲಿನ ಕೆಲಸ ಮಾಡುತ್ತಿದೆ. ಸರ್ಕಸ್ಸಿಗಷ್ಟೇ ಸರಿ ಎಂದವರಿಗೆ ಇಂಗ್ಲಿಷ್ ಭಾಷೆಯ ಅತಿ ಗಂಭೀರ ಗ್ರಂಥವೇ ಹೀಗೆ ಉತ್ತರ ಕೊಟ್ಟಿದೆ.

ತಾಳಿಕೆಯ ಮಾತು ಇನ್ನೂ ಸ್ಪಷ್ಟವಾಗುವುದು ಪತ್ರಿಕೆಗಳಲ್ಲಿ. ರೋಟರಿ ಮುದ್ರಣದ ಕಾಲದಲ್ಲಿ ಜೋಡಿಸಿದ ಮೊಳೆಗಳಿಂದ ನೇರವಾಗಿ ಪತ್ರಿಕೆ ಅಚ್ಚಾಗುತ್ತಿರಲಿಲ್ಲ. ಮೊಳೆಗಳ ಮೇಲೆ ಒದ್ದೆ ಕಾಗದದ ದಪ್ಪ ಹಾಳೆಯನ್ನು ಒತ್ತಿ ಅಚ್ಚು ತೆಗೆದು, ಅದಕ್ಕೆ ಕರಗಿದ ಸೀಸ ಸುರಿದು, ಬಾಗಿದ ಫಲಕ ಮಾಡಿ, ಆ ಫಲಕವನ್ನು ಉರುಳೆಗೆ ಬಿಗಿಯುತ್ತಿದ್ದರು. ಒಂದೊಂದು ಹಂತದಲ್ಲೂ ಅಕ್ಷರದ ನಾಜೂಕು ಒಂದಿಷ್ಟು ಕರಗುತ್ತಿತ್ತು. ಕೊನೆಗೆ ಅಗ್ಗದ ಕಾಗದದ ಮೇಲೆ ಶಾಯಿ ಹರಡಿ ಉಳಿದದ್ದನ್ನೂ ಕೆಡಿಸುತ್ತಿತ್ತು. ತೆಳುಗೆರೆ ತುಂಡಾಗುತ್ತಿತ್ತು, ಅಕ್ಷರದ ಹೊಟ್ಟೆ ಶಾಯಿಯಿಂದ ತುಂಬಿಕೊಳ್ಳುತ್ತಿತ್ತು. ಇದಕ್ಕೆ ಮದ್ದಾಗಿ ಲೈನೊಟೈಪ್ ಕಂಪನಿಯ ಸಿ. ಎಚ್. ಗ್ರಿಫಿತ್ 1925ರಲ್ಲಿ ಅಯಾನಿಕ್ ನಂ. 5 ಎಂಬ ಅಕ್ಷರವನ್ನು ರೂಪಿಸಿದಾಗ ಅವರು ಕೈಹಾಕಿದ್ದು ಕ್ಲ್ಯಾರಂಡನ್ನಿನ ಬಂಧುಬಳಗಕ್ಕೇ. ಗಟ್ಟಿ ಪಾದ, ತೆರೆದ ಹೊಟ್ಟೆ, ಸಣ್ಣಕ್ಷರಗಳಿಗೆ ಹೆಚ್ಚಿನ ಎತ್ತರ. ಮುಂದೆ ದಶಕಗಳ ಕಾಲ ಇಂಗ್ಲಿಷ್ ಪತ್ರಿಕೆಗಳ ಸುದ್ದಿಯಕ್ಷರ ಈ ವಂಶದಿಂದ ಬಂತು. ಅದು ದಪ್ಪಕ್ಷರವಲ್ಲ ನಿಜ, ಆದರೆ ಗುಣ ಅದೇ.

ಬೆರಳಚ್ಚು ಯಂತ್ರದ ಕಥೆಯೂ ಇದನ್ನೇ ಹೇಳುತ್ತದೆ. ಮಾಮೂಲಿ ಟೈಪ್‌ರೈಟರಿನಲ್ಲಿ ಯಾವ ಕೀಲಿ ಒತ್ತಿದರೂ ಗಾಡಿ ಸರಿಯುವುದು ಒಂದೇ ಅಳತೆ. ಅಗಲವಾದ ‘ಎಂ’ಗೂ ಕಡ್ಡಿಯಂಥ ಸಣ್ಣ ‘ಐ’ಗೂ ಸಿಗುವುದು ಒಂದೇ ಅಳತೆಯ ಮನೆ. ‘ಐ’ಯನ್ನು ಬೋಳಾಗಿ ಬಿಟ್ಟರೆ ಅದರ ಎರಡೂ ಬದಿ ಬಯಲು ಬಯಲು, ಪದ ಒಡೆದಂತೆ ಕಾಣುತ್ತದೆ. ಅಡಿಯಲ್ಲೊಂದು ಅಗಲವಾದ ಚಪ್ಪಡಿ ಹಾಸಿದರೆ ಮನೆ ತುಂಬುತ್ತದೆ. 1950ರ ದಶಕದಲ್ಲಿ ಐಬಿಎಂ ಕಂಪನಿಗಾಗಿ ಹವರ್ಡ್ ಕೆಟ್ಲರ್ ರೂಪಿಸಿದ ಕೊರಿಯರ್ ಇದೇ ಲೆಕ್ಕದ್ದು. 12 ಪಾಯಿಂಟಿನ ಕೊರಿಯರಿನಲ್ಲಿ ಇಂಚಿಗೆ ಸರಿಯಾಗಿ 10 ಅಕ್ಷರ. ಈ ಲೆಕ್ಕ ಎಷ್ಟು ನಂಬಿಕೆಯದೆಂದರೆ ಹಾಲಿವುಡ್ಡಿನ ಚಿತ್ರಕಥೆಗಳನ್ನು ಇಂದಿಗೂ ಅದೇ ಅಕ್ಷರದಲ್ಲಿ ಬರೆಯುತ್ತಾರೆ. ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂದು ಅಂದಾಜಿಸುತ್ತಾರೆ. ಕೊರಿಯರ್ ತೆಳ್ಳಗಿನದು, ಭಿತ್ತಿಪತ್ರದ ಅಕ್ಷರದ ಪಕ್ಕ ಇಟ್ಟರೆ ಸಂಬಂಧವೇ ತಿಳಿಯದು. ಆದರೂ ಎರಡರ ಎಲುಬು ಒಂದೇ.

1930ರ ಆಸುಪಾಸಿನಲ್ಲಿ ಈ ಅಕ್ಷರಕ್ಕೆ ಎರಡನೆಯ ಯೌವನ ಬಂತು. ಜರ್ಮನಿಯ ಸ್ಟೆಂಪೆಲ್ ಫೌಂಡ್ರಿಗೆ ರುಡಾಲ್ಫ್ ವುಲ್ಫ್ 1929ರಲ್ಲಿ ರೂಪಿಸಿದ ಮೆಂಫಿಸ್, ಷಿಕಾಗೋದ ಕರ್ನಾಕ್, ಇಂಗ್ಲೆಂಡಿನ ಮಾನೊಟೈಪ್ 1934ರಲ್ಲಿ ತಂದ ರಾಕ್‌ವೆಲ್ ಇವುಗಳಲ್ಲಿ ‘ಓ’ ಎಂದರೆ ಕೈವಾರದಿಂದ ಎಳೆದಂಥ ವೃತ್ತ, ಪಾದ ಎಂದರೆ ಅಳತೆಪಟ್ಟಿಯಿಂದ ಎಳೆದಂಥ ಪಟ್ಟಿ. ಮೆಂಫಿಸ್, ಕರ್ನಾಕ್ ಎಂಬ ಹೆಸರುಗಳು ಇನ್ನೂ ಈಜಿಪ್ಟನ್ನೇ ನೆನೆಯುತ್ತಿದ್ದರೂ ಮನೋಭಾವ ಕಾರ್ಖಾನೆಯದು. ಹೈನ್ರಿಖ್ ಯೋಸ್ಟ್ ತನ್ನ ಅಕ್ಷರಕ್ಕೆ ಬೆಟೋನ್ ಎಂದು ಹೆಸರಿಟ್ಟ; ಜರ್ಮನ್ ಭಾಷೆಯಲ್ಲಿ ಅದಕ್ಕೆ ಕಾಂಕ್ರೀಟ್ ಎಂದರ್ಥ. ರಾಕ್‌ವೆಲ್ಲಿನ ದಪ್ಪ ರೂಪದ ದೊಡ್ಡ ‘ಎ’ಯನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಎರಡು ಓರೆಗಂಬಗಳು ಕೂಡುವ ತುದಿಯ ಮೇಲೂ ಒಂದು ಚಪ್ಪಡಿ ಕೂತಿದೆ. ಬೇರೆ ಅಕ್ಷರಗಳಲ್ಲಿ ಚೂಪಾಗಿ ಮುಗಿಯುವ ಜಾಗ ಅದು. ಅದೊಂದು ಪಟ್ಟಿಯಿಂದ ‘ಎ’ ತಲೆಯ ಮೇಲೆ ಹೊರೆ ಹೊತ್ತು ನಿಂತಂತೆ ಕಾಣುತ್ತದೆ. ಗೇಯಾರ್ಗ್ ಟ್ರುಂಪ್ 1930ರಲ್ಲಿ ಬಿಡಿಸಿದ ಸಿಟಿ ಎಂಬ ಅಕ್ಷರವನ್ನು ಆಧರಿಸಿ ಪಾಲ್ ರ‍್ಯಾಂಡ್ 1956ರಲ್ಲಿ ಐಬಿಎಂ ಲಾಂಛನ ಕಟ್ಟಿದರು, 1972ರಲ್ಲಿ ಅದನ್ನೇ ಎಂಟು ಅಡ್ಡಪಟ್ಟಿಗಳಾಗಿ ಸೀಳಿದರು. ಅಷ್ಟು ಸೀಳಿದರೂ ಮೂರಕ್ಷರಗಳ ರೂಪ ಕದಲಲಿಲ್ಲ. ತಾಳಿಕೆಗೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷಿ ಬೇಕಿಲ್ಲ.

ಈಗ ಆಕ್ಷೇಪಗಳ ಕಡೆ ಬರೋಣ. ಮೊದಲನೆಯದು ಗಟ್ಟಿಯಾದದ್ದು: ಪಾದವೇ ಇಲ್ಲದ ಬೋಳು ಅಕ್ಷರ ಕೂಡ ಕೆಟ್ಟ ಮುದ್ರಣವನ್ನೂ ದೂರವನ್ನೂ ತಡೆದುಕೊಳ್ಳುತ್ತದೆ, ಹೆಲ್ವೆಟಿಕಾದಂಥ ಬೋಳು ಅಕ್ಷರ ಇರುವಾಗ ಚಪ್ಪಡಿಯ ಭಾರ ಏಕೆ? ರಸ್ತೆ ಫಲಕಗಳ ಮಟ್ಟಿಗೆ ಲೋಕವೆಲ್ಲ ಬೋಳು ಅಕ್ಷರದ ಕಡೆಗೇ ಹೋಗಿದೆ, ಅದನ್ನು ಒಪ್ಪಲೇಬೇಕು. ಸೆರಿಫ್ ಇದ್ದರೆ ಓದು ಸುಲಭ ಎಂಬ ಹಳೆಯ ಹೇಳಿಕೆಗೂ ಖಚಿತವಾದ ಪ್ರಯೋಗದ ಬೆಂಬಲ ಸಿಕ್ಕಿಲ್ಲ, ಆ ವಾದವನ್ನು ನಾನು ಹೂಡುವುದಿಲ್ಲ. ನಾನು ಹೇಳುವುದು ಅದಕ್ಕಿಂತ ಚಿಕ್ಕ ಮಾತು. ಅಮೆರಿಕದ ಇಲಿನಾಯ್ ರಾಜ್ಯದ ಹೆಸರನ್ನು ಹೆಲ್ವೆಟಿಕಾದಲ್ಲಿ ಬರೆದು ನೋಡಿ. ಒಂದು ದೊಡ್ಡ ‘ಐ’, ಅದರ ಹಿಂದೆ ಎರಡು ಸಣ್ಣ ‘ಎಲ್’. ಕಾಗದದ ಮೇಲೆ ಕಾಣುವುದು ಹೆಚ್ಚುಕಡಿಮೆ ಒಂದೇ ಥರದ ಮೂರು ಕಡ್ಡಿ. ರಾಕ್‌ವೆಲ್ಲಿನಲ್ಲಿ ಬರೆದರೆ ‘ಐ’ಗೆ ಮೇಲೆ ಕೆಳಗೆ ಎರಡೂ ಬದಿ ಚಾಚಿದ ಪಾದ, ‘ಎಲ್’ನ ನೆತ್ತಿಯಲ್ಲಿ ಎಡಕ್ಕೆ ಮಾತ್ರ ಚಾಚು. ಯಾರು ಯಾರೆಂದು ತಿಳಿಯುತ್ತದೆ. ಅಕ್ಷರ ಮತ್ತು ಅಂಕಿ ಬೆರೆತ ಸಂಕೇತಗಳು, ಪಾಸ್‌ವರ್ಡುಗಳು, ಕಂಪ್ಯೂಟರ್ ಪ್ರೋಗ್ರಾಮುಗಳು ಇರುವ ಕಡೆ ಈ ಚಿಕ್ಕ ಗುಣ ದೊಡ್ಡ ಉಪಕಾರ.

ಎರಡನೆಯ ಆಕ್ಷೇಪ, ದಪ್ಪ ಚಪ್ಪಡಿ ಅಕ್ಷರ ಕಣ್ಣನ್ನು ದಣಿಸುತ್ತದೆ ಎಂಬುದು. ಇದು ಸಂಪೂರ್ಣ ನಿಜ. ಅದರಲ್ಲಿ ಇಡೀ ಪುಟ ಜೋಡಿಸಿದರೆ ಪುಟ ಕರ‍್ರಗಾಗುತ್ತದೆ, ಅಕ್ಷರಗಳ ನಡುವಿನ ಬೆಳಕು ಸಾಯುತ್ತದೆ. ಹತ್ತು ಪದ ದಾಟಿದರೆ ಅದನ್ನು ಬಿಟ್ಟುಬಿಡಬೇಕೆಂಬುದು ನನ್ನ ಅಳತೆ. ಒಂದು ಹೆಸರು, ಒಂದು ಬೆಲೆ, ಒಂದು ಎಚ್ಚರಿಕೆ, ಒಂದು ಅಧ್ಯಾಯದ ಅಂಕಿ, ಅಷ್ಟಕ್ಕೆ ಅದು ಒದಗಿಬರುತ್ತದೆ. ಮೂರನೆಯವರು, ಇಂದಿನ ಮೊಬೈಲ್ ಪರದೆಯಲ್ಲಿ ಕೂದಲೆಳೆಯೂ ಸ್ಪಷ್ಟ, ಹಾಗಿರುವಾಗ ತಾಳಿಕೆಯ ಮಾತೇಕೆ ಎನ್ನುತ್ತಾರೆ. ಪರದೆ ಚೆನ್ನಾಗಿರಬಹುದು, ಓದುವ ಸ್ಥಿತಿ ಚೆನ್ನಾಗಿಲ್ಲ. ಬಿಸಿಲಲ್ಲಿ, ಬಸ್ಸಿನ ಕುಲುಕಾಟದಲ್ಲಿ, ಬೆರಳಿನಿಂದ ಜಾರಿಸುತ್ತ ಓದುವ ಓದುಗ ಗೋಡೆಯ ಭಿತ್ತಿಪತ್ರವನ್ನು ನಡೆಯುತ್ತಲೇ ನೋಡಿದ ಲಂಡನ್ನಿಗನಿಗಿಂತ ಬೇರೆಯವನೇನಲ್ಲ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2005ರಲ್ಲಿ ತನ್ನ ರೂಪ ಬದಲಿಸಿದಾಗ ಪಾಲ್ ಬಾರ್ನ್ಸ್ ಮತ್ತು ಕ್ರಿಶ್ಚಿಯನ್ ಶ್ವಾರ್ಟ್ಸ್ ಅದಕ್ಕಾಗಿ ಬಿಡಿಸಿದ್ದು ಗಾರ್ಡಿಯನ್ ಈಜಿಪ್ಷಿಯನ್ ಎಂಬ ಚಪ್ಪಡಿ ಕುಟುಂಬ. ಪತ್ರಿಕೆಯ ಮಾನ ಅದರಿಂದ ಕುಗ್ಗಲಿಲ್ಲ.

ಕನ್ನಡಕ್ಕೆ ಇದರಿಂದ ಏನು? ಕನ್ನಡದ ಅಕ್ಷರಕ್ಕೆ ಸೆರಿಫ್ ಇಲ್ಲ. ತಲೆಕಟ್ಟು ಸೆರಿಫ್ ಅಲ್ಲ. ಅದು ಅಕ್ಷರದ ಅಂಗ, ಅದನ್ನು ತೆಗೆದು ಗುಣಿತದ ಚಿಹ್ನೆ ಹಚ್ಚಿದರೆ ಉಚ್ಚಾರವೇ ಬದಲಾಗುತ್ತದೆ. ದುಂಡು ದೇಹದ ನಮ್ಮ ಅಕ್ಷರಗಳಿಗೆ ಚೌಕ ಪಾದ ಅಂಟಿಸುವ ಪ್ರಯೋಗ ಬೇಕಿಲ್ಲ. ಆದರೆ ಚಪ್ಪಡಿ ಅಕ್ಷರ ಬಿಡಿಸಿದ ಲೆಕ್ಕ ನಮ್ಮ ಲೆಕ್ಕವೂ ಹೌದು: ಅಕ್ಷರವನ್ನು ದಪ್ಪ ಮಾಡುವಾಗ ಅದರ ಗುರುತನ್ನು ಉಳಿಸುವುದು ಹೇಗೆ? ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ ಇವುಗಳ ನಡುವೆ ಇರುವುದು ಹೊಟ್ಟೆ ಸೀಳಿದ ಒಂದು ಪುಟ್ಟ ಗೆರೆ. ಹಲವು ಫಾಂಟುಗಳಿಗೆ ನಿಜವಾದ ದಪ್ಪರೂಪವೇ ಇಲ್ಲ. ಗುಂಡಿ ಒತ್ತಿದಾಗ ಕಂಪ್ಯೂಟರ್ ಗೆರೆಯ ಸುತ್ತ ಇನ್ನಷ್ಟು ಶಾಯಿ ಮೆತ್ತಿ ದಪ್ಪ ಮಾಡುತ್ತದೆ, ಆಗ ಮೊದಲು ಮುಚ್ಚಿಹೋಗುವುದು ಆ ಸೀಳು. ಸರಕಾರಿ ಪ್ರಕಟಣೆಯ ತಲೆಬರಹದಲ್ಲಿ ‘ಸಹಾಯಧನ’ ದೂರದಿಂದ ‘ಸಹಾಯದನ’ವಾಗುತ್ತದೆ. ‘ರಾಷ್ಟ್ರೀಯ’ದಂಥ ಪದದಲ್ಲಿ ಷಕಾರದ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಮೆತ್ತಿಕೊಂಡು ಕಪ್ಪು ಮುದ್ದೆಯಾಗುತ್ತವೆ. ಫಿಗಿನ್ಸನಿಂದ ಬೆಸ್ಲಿಯವರೆಗಿನ ಮೂವತ್ತು ವರ್ಷಗಳ ಕಲಿಕೆ ಇದೇ ಆಗಿತ್ತು. ದಪ್ಪಕ್ಷರ ಎಂದರೆ ಮಾಮೂಲಿ ಅಕ್ಷರಕ್ಕೆ ಶಾಯಿ ಸೇರಿಸಿದ್ದಲ್ಲ. ಹೊಟ್ಟೆ ತೆರೆದು, ಕೂಡುವ ಜಾಗ ಸವರಿ, ಹೊಸದಾಗಿ ಬಿಡಿಸಿದ್ದು. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡದಂಥ ಹೊಸ ಅಕ್ಷರ ಕುಟುಂಬಗಳು ಹೀಗೆ ಬೇರೆ ಬೇರೆ ದಪ್ಪಗಳಲ್ಲಿ, ಮುಕ್ತವಾಗಿ ಸಿಗುತ್ತಿವೆ. ಬಳಸುವ ಮನಸ್ಸು ಬೇಕು.

ಕರ್ನಾಟಕದ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರ ತಿದ್ದುಪಡಿ ಕಾನೂನು ಹೇಳುತ್ತದೆ. ಕಾನೂನು ಜಾಗವನ್ನು ಅಳೆಯುತ್ತದೆ, ಕಣ್ಣು ದಪ್ಪವನ್ನೂ ಅಳೆಯುತ್ತದೆ. ಕೆಳಗೆ ದಪ್ಪ ಚಪ್ಪಡಿ ಅಕ್ಷರದಲ್ಲಿ ಇಂಗ್ಲಿಷ್ ಹೆಸರು, ಮೇಲೆ ಅಗಲವಾದ ಜಾಗದಲ್ಲಿ ಸಪೂರ ಕನ್ನಡ ಇದ್ದರೆ ರಸ್ತೆಯ ಆಚೆ ಬದಿಯಲ್ಲಿ ನಿಂತವನಿಗೆ ಮೊದಲು ಕಾಣುವುದು ಇಂಗ್ಲಿಷೇ. ಫಲಕ ಮಾಡಿಸುವ ಅಂಗಡಿಯವರಲ್ಲಿ, ಮಾಡಿಕೊಡುವ ಕಲಾವಿದರಲ್ಲಿ ಒಂದು ವಿನಂತಿ. ಇಂಗ್ಲಿಷಿಗೆ ಎಷ್ಟು ದಪ್ಪ ಆರಿಸಿದಿರೋ ಅದಕ್ಕೆ ಸಮನಾಗಿ ಬಿಡಿಸಿದ ಕನ್ನಡ ದಪ್ಪಕ್ಷರವನ್ನು ಹುಡುಕಿ, ಗುಂಡಿ ಒತ್ತಿ ಉಬ್ಬಿಸಿದ್ದನ್ನು ಒಪ್ಪಬೇಡಿ. ಅಚ್ಚಿಗೆ ಕಳಿಸುವ ಮೊದಲು ಒಂದು ಪ್ರತಿ ತೆಗೆದು ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಸರಿದು, ಧಕಾರದ ಹೊಟ್ಟೆಯ ಸೀಳು ಕಾಣುತ್ತದೆಯೇ ಎಂದು ನೋಡಿ.